ರೊಟ್ಟಿಯ ಗಂಗಾಳದಲ್ಲಿ ಹಣ್ಣಿಗೊಂದು ಸ್ಥಳ

ಮಾಘ ಮಾಸ ಕಳೆದು ಬಿಸಿಲು ಏರತೊಡಗಿದಂತೆ ತಿಕೋಟಾ ರಸ್ತೆಯಲ್ಲಿ ದ್ರಾಕ್ಷಿಯ ಕ್ರೇಟುಗಳನ್ನು ಹೇರಿಕೊಂಡ ವಾಹನಗಳು ಸಾಲುಗಟ್ಟಿ ಸಾಗುತ್ತವೆ. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಹಸಿರು ಬಲೆ ಹೊದಿಸಿದ ಒಣದ್ರಾಕ್ಷಿಯ ಶೆಡ್ಡುಗಳು ಕಾಣುತ್ತವೆ. ಬಬಲೇಶ್ವರದ ಕಡೆಗೆ ಹೊರಟರೆ ದಾಳಿಂಬೆಯ ತೋಟಗಳು. ಇಂಡಿಯ ಲಿಂಬೆಯ ಹೆಸರನ್ನಂತೂ ದೂರದೂರದ ಮಾರುಕಟ್ಟೆಗಳು ಬಲ್ಲವು. ಬರದ ಜಿಲ್ಲೆಯೆಂದು ಹೆಸರಾದ ನಮ್ಮ ವಿಜಯಪುರ, ಟ್ಯಾಂಕರಿನಿಂದ ನೀರು ತಂದು ಬಳ್ಳಿಯ ಬುಡಕ್ಕೆ ಹಾಕಿದ ರೈತರ ಛಲದಿಂದ ಹಣ್ಣಿನ ಜಿಲ್ಲೆಯಾಗಿದೆ. ಇದು ಸಣ್ಣ ಮಾತಲ್ಲ.

ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಜೋರಾಪುರ ಪೇಟೆಯ ಯಾವುದಾದರೂ ಮನೆಯೊಳಗೆ ಹೋಗಿ ನೋಡಿರಿ. ಗಂಗಾಳದಲ್ಲಿ ಬಿಳಿಜೋಳದ ರೊಟ್ಟಿ, ಬದನೆಕಾಯಿ ಇಲ್ಲವೇ ಕಾಳಿನ ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು ಇರುತ್ತವೆ. ಒಂದು ಕಾಲಕ್ಕೆ ಇದರ ಬದಿಯಲ್ಲಿ ಹಕ್ಕರಕಿ, ಮೆಂತ್ಯದ ಎಳೆ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಹಸಿಹಸಿಯಾಗಿಯೇ ಇರುತ್ತಿದ್ದವು. ಈಗ ಅವು ಅನೇಕ ಮನೆಗಳಲ್ಲಿ ವಾರಕ್ಕೊಮ್ಮೆ ಕಂಡರೆ ಹೆಚ್ಚು. ಹಣ್ಣಂತೂ ಆ ಗಂಗಾಳದಲ್ಲಿ ಎಂದೂ ಇರಲೇ ಇಲ್ಲ. ಹಣ್ಣು ದೇವರ ಮುಂದಿನ ತಟ್ಟೆಯಲ್ಲಿರುತ್ತದೆ, ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿರುತ್ತದೆ, ಬೀಗರು ಬಂದಾಗ ಹೊರಗೆ ಬರುತ್ತದೆ. ದಿನನಿತ್ಯದ ಊಟಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ನಡೆದುಕೊಂಡು ಬಂದಿದ್ದೇವೆ. ಈ ರೂಢಿ ಬದಲಾಗಬೇಕು, ಹಣ್ಣು ಮತ್ತು ತರಕಾರಿಗಳನ್ನು ಕೂಡಿಸಿ ಮಾಡಿದ ಸಿಹಿ-ಖಾರದ ಒಂದು ಪಚಡಿ ದಿನಕ್ಕೊಮ್ಮೆಯಾದರೂ ರೊಟ್ಟಿಯ ಪಕ್ಕದಲ್ಲಿ ಬೀಳಬೇಕು ಎಂಬುದು ನನ್ನ ಅಭಿಪ್ರಾಯ. ಇದು ನಾಲಗೆಯ ಚಪಲದ ಮಾತಲ್ಲವೆಂಬುದಕ್ಕೆ ಕಾರಣ ಹೇಳುತ್ತೇನೆ.

ನನ್ನ ತಂಗಿಯನ್ನು ತಿಕೋಟಾ ಭಾಗದ ಒಂದು ಹಳ್ಳಿಗೆ ಕೊಟ್ಟಿದೆ. ದ್ರಾಕ್ಷಿ ಬೆಳೆಯುವ ಮನೆತನ. ಎರಡನೆಯ ಹೆರಿಗೆಯಾದ ಮೇಲೆ ಆಕೆಯನ್ನು ನೋಡಲು ಹೋದಾಗ ಮುಖ ಬಿಳಿಚಿಕೊಂಡಿತ್ತು, ಎರಡು ಮೆಟ್ಟಿಲು ಏರಿದರೆ ಏದುಸಿರು. ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 8.2 ಎಂದಿತ್ತು. ಹೆಣ್ಣುಮಗಳಿಗೆ ಅದು ಕನಿಷ್ಠ 12 ಇರಬೇಕು, ಬಸುರಿಯಾಗಿದ್ದಾಗಲೂ 11ಕ್ಕಿಂತ ಕೆಳಗೆ ಇಳಿಯಬಾರದು. ಕಬ್ಬಿಣಾಂಶದ ಗುಳಿಗೆಗಳನ್ನು ಕೊಟ್ಟಿದ್ದರು. ಆಕೆ ಅವನ್ನು ತಪ್ಪದೆ ನುಂಗುತ್ತಿದ್ದಳು, ಆದರೆ ಬೆಳಗಿನ ಚಹಾದ ಜೊತೆಗೆ. ಹಾಗೆ ನುಂಗಬಾರದೆಂದು ಯಾರೂ ಹೇಳಿರಲಿಲ್ಲ. ಮನೆಯ ಪಡಸಾಲೆಯಲ್ಲಿ ದ್ರಾಕ್ಷಿಯ ಕ್ರೇಟುಗಳು ಮಾಡಿನವರೆಗೆ ಪೇರಿಸಿದ್ದವು. ಹಿತ್ತಲಿನಲ್ಲಿ ಪೇರಲ ಗಿಡ ಹಣ್ಣು ಬಿಟ್ಟು ಗಿಳಿಗಳ ಪಾಲಾಗುತ್ತಿತ್ತು. "ಒಂದ ಹಣ್ಣರೆ ತಿಂತಿಯೇನವ್ವಾ?" ಎಂದು ಕೇಳಿದೆ. "ಇಲ್ಲ ಅಕ್ಕಾ, ಹಣ್ಣ ತಿಂದ್ರ ಕೂಸಿಗೆ ಥಂಡಿ ಆಗ್ತೈತಿ ಅಂತಾರ ಅತ್ತಿಯಾರು" ಎಂದಳು.

ಅವಳ ಅತ್ತೆಯವರು ಕೆಟ್ಟವರಲ್ಲ. ಸೊಸೆಗೆ ಅಂಟಿನ ಉಂಡಿ ಕಟ್ಟಿಸಿದ್ದರು, ಅಳವಿಯ ಪಾಯಸ ಮಾಡಿಸುತ್ತಿದ್ದರು, ಸಬ್ಬಸಗಿ ಪಲ್ಯ ತಪ್ಪಿಸುತ್ತಿರಲಿಲ್ಲ. ನಮ್ಮ ಹಿರಿಯರ ಬಾಣಂತನದ ಅಡುಗೆಯಲ್ಲಿ ಬಹಳಷ್ಟು ವಿವೇಕವಿದೆ. ಅಳವಿ ಕಾಳಿನಲ್ಲಿ ಕಬ್ಬಿಣಾಂಶ ಸಮೃದ್ಧವಾಗಿದೆಯೆಂಬುದನ್ನು ಪ್ರಯೋಗಾಲಯಗಳು ಹೇಳುವ ಮೊದಲೇ ಅವರು ಅದನ್ನು ಬಾಣಂತಿಯ ಬಟ್ಟಲಿಗೆ ಹಾಕಿದ್ದರು. ಆದರೆ ಅದೇ ವಿವೇಕದ ಜೊತೆಗೆ "ಹಣ್ಣು ಥಂಡಿ" ಎಂಬ ಭಯವೂ ಸೇರಿಕೊಂಡಿತು. ನೆಗಡಿ ಬರುವುದು ಒಬ್ಬರಿಂದೊಬ್ಬರಿಗೆ ಹರಡುವ ವೈರಾಣುವಿನಿಂದ. ತಾಯಿ ಮಾಗಿದ ಪೇರಲ ತಿಂದರೆ ಎದೆಹಾಲಿನ ಮೂಲಕ ಮಗುವಿಗೆ ನೆಗಡಿ ಹರಿದುಹೋಗುವುದಿಲ್ಲ. ಈ ಮಾತನ್ನು ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ಮಕ್ಕಳಿಗೆ ಹೇಳಿದ್ದೇನೆ. ನನ್ನ ಸ್ವಂತ ತಂಗಿಯ ಮನೆಯಲ್ಲಿ ಹೇಳಲು ಅಂದು ಸಂಕೋಚಪಟ್ಟೆ, ಅದಕ್ಕೆ ಇಂದಿಗೂ ನಾಚಿಕೆಯಿದೆ.

ಆಕೆ ಒಬ್ಬಳೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 44.8 ಇತ್ತು, ಅಂದರೆ ಇಳಿಯುವ ಬದಲು ಏರಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇಕಡಾ 65.5. ಊಟದ ಪಂಕ್ತಿಯಲ್ಲಿ ನಿಮ್ಮ ಎಡಬಲದಲ್ಲಿ ಕುಳಿತ ಇಬ್ಬರು ತಾಯಂದಿರಲ್ಲಿ ಒಬ್ಬರಿಗೆ ರಕ್ತ ಕಡಿಮೆಯಿದೆಯೆಂದು ಭಾವಿಸಿದರೆ ತಪ್ಪಾಗಲಾರದು.

ಇಲ್ಲಿ ನಮ್ಮ ಜೋಳದ ರೊಟ್ಟಿಯ ಬಗೆಗೆ ಒಂದು ಮಾತು ಹೇಳಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದೆ. ಪಾಲಿಷ್ ಮಾಡಿದ ಅಕ್ಕಿಗಿಂತ ಇದು ಎಷ್ಟೋ ಪಾಲು ಹೆಚ್ಚು. ಕಾಳುಗಳಲ್ಲಿ, ತಪ್ಪಲು ಪಲ್ಯಗಳಲ್ಲಿಯೂ ಸಾಕಷ್ಟಿದೆ. ಹಾಗಿದ್ದರೂ ರಕ್ತಹೀನತೆ ಏಕೆ? ಜೋಳದಲ್ಲಿಯೂ ಕಾಳಿನಲ್ಲಿಯೂ ಫೈಟೇಟ್ ಎಂಬ ವಸ್ತುವಿದೆ. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ಕರುಳು ಅದನ್ನು ಹೀರಿಕೊಳ್ಳದಂತೆ ತಡೆಯುತ್ತದೆ. ಸಸ್ಯಾಹಾರದ ಕಬ್ಬಿಣಕ್ಕೆ ಇರುವ ದೊಡ್ಡ ತೊಡಕೇ ಇದು. ಊಟ ಮುಗಿಯುತ್ತಲೇ ಕುಡಿಯುವ ಚಹಾದಲ್ಲಿನ ಒಗರಿನ ಅಂಶವೂ ಇದೇ ಕೆಲಸ ಮಾಡುತ್ತದೆ. ಈ ಹಿಡಿತವನ್ನು ಸಡಿಲಿಸಬಲ್ಲದ್ದು ಸಿ ಜೀವಸತ್ವ. ಆದರೆ ಅದು ಅದೇ ಊಟದಲ್ಲಿ, ಅದೇ ಹೊತ್ತಿನಲ್ಲಿ ಹೊಟ್ಟೆ ಸೇರಬೇಕು. ಮುಂಜಾನೆ ರೊಟ್ಟಿ ಉಂಡು ಸಂಜೆ ಹಣ್ಣು ತಿಂದರೆ ಆ ಹಣ್ಣಿನ ಬೇರೆ ಪ್ರಯೋಜನಗಳೆಲ್ಲ ದಕ್ಕುತ್ತವೆ, ರೊಟ್ಟಿಯಲ್ಲಿದ್ದ ಕಬ್ಬಿಣಕ್ಕೆ ಮಾತ್ರ ಅದರಿಂದ ಸಹಾಯವಾಗುವುದಿಲ್ಲ. ಹಣ್ಣನ್ನು ಊಟದಿಂದ ಹೊರಗಿಟ್ಟು ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ಹಾಗಾದರೆ ಯಾವ ಹಣ್ಣು? ಈ ಪ್ರಶ್ನೆ ಬಂದ ಕೂಡಲೇ ಎಲ್ಲರ ಬಾಯಲ್ಲಿಯೂ ದಾಳಿಂಬೆಯ ಹೆಸರು ಬರುತ್ತದೆ. ಕೆಂಪಗಿದೆ, ಆದ್ದರಿಂದ ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆ. ನೂರು ಗ್ರಾಂ ದಾಳಿಂಬೆ ಕಾಳಿನಲ್ಲಿರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ ಮಾತ್ರ. ಅದರ ಕೆಂಪು ಬಣ್ಣ ಬಂದಿರುವುದು ಆಂಥೋಸಯಾನಿನ್ ಎಂಬ ವರ್ಣದ್ರವ್ಯದಿಂದ. ನಮ್ಮ ಜಿಲ್ಲೆಯ ಬೆಳೆಯೆಂಬ ಅಭಿಮಾನದಿಂದ ಹೇಳುವುದಾದರೂ, ಕೂಲಿಯ ದುಡ್ಡಿನಲ್ಲಿ ಮಗಳಿಗೆ ದುಬಾರಿ ದಾಳಿಂಬೆ ತಂದು ಕೊಟ್ಟು ರಕ್ತ ಏರಿತೆಂದು ನಿಶ್ಚಿಂತರಾಗುವ ತಂದೆತಾಯಿಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ದಾಳಿಂಬೆ ರುಚಿಯಾದ, ಹಿತವಾದ ಹಣ್ಣು; ಅದನ್ನು ಆ ಕಾರಣಕ್ಕೆ ತಿನ್ನೋಣ. ದ್ರಾಕ್ಷಿಯಲ್ಲಿ ಸಿ ಜೀವಸತ್ವ ಬಹಳ ಕಡಿಮೆ. ಲಿಂಬೆಯಲ್ಲಿ ಸಾಕಷ್ಟಿದೆಯಾದರೂ ಒಬ್ಬರ ಪಾಲಿಗೆ ಬೀಳುವುದು ಕೆಲವು ಹನಿ ರಸ ಮಾತ್ರ. ಈ ವಿಷಯದಲ್ಲಿ ಎಲ್ಲವನ್ನೂ ಮೀರಿಸುವುದು ಗಾಡಿಯ ಮೇಲೆ ಅಗ್ಗವಾಗಿ ಸಿಗುವ ಪೇರಲ ಹಣ್ಣು. ನೂರು ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವವಿದೆ. ಅಷ್ಟೇ ತೂಕದ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು. ನೆಲ್ಲಿಕಾಯಿಯೊಂದನ್ನು ಬಿಟ್ಟರೆ ನಮಗೆ ಸುಲಭವಾಗಿ ದೊರೆಯುವ ಇನ್ನಾವ ಹಣ್ಣೂ ಅದರ ಹತ್ತಿರ ಬರುವುದಿಲ್ಲ.

ಹಣ್ಣಿಗೆ ಉಪ್ಪು ಖಾರ ಸೇರಿಸುವುದೆಂದರೆ ಕೆಲವರು ಮೂಗು ಮುರಿಯುತ್ತಾರೆ. ಅವರು ತಮ್ಮ ಶಾಲೆಯ ದಿನಗಳನ್ನು ಮರೆತಿರಬೇಕು. ಶಾಲೆಯ ಗೇಟಿನ ಹೊರಗೆ ಅಜ್ಜಿಯೊಬ್ಬಳು ಪೇರಲವನ್ನು ನಾಲ್ಕಾಗಿ ಸೀಳಿ, ಉಪ್ಪು ಖಾರದ ಪುಡಿ ಸವರಿ ಕೊಡುತ್ತಿದ್ದುದನ್ನು ತಿನ್ನದೆ ದೊಡ್ಡವರಾದವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಬಾರಿಹಣ್ಣಿಗೂ ಉಪ್ಪು ಖಾರವೇ, ಹುಣಸೆಗೂ ಅದೇ. ಯುಗಾದಿಯ ದಿನ ನಾವು ಕುಡಿಯುವ ಬೇವಿನಲ್ಲಿ ಬೆಲ್ಲ, ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟು, ಒಣದ್ರಾಕ್ಷಿ ಒಂದೇ ಪಾತ್ರೆಯಲ್ಲಿ ಕೂಡುತ್ತವೆ. ಮಾವಿನಕಾಯಿಯ ಗುಳಂಬವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದವರಿಗೆ ಸಿಹಿಯೂ ಹುಳಿಯೂ ಊಟದ ನಡುವೆ ಬರುವುದು ಹೊಸದಲ್ಲ. ಕರಾವಳಿ, ಮಲೆನಾಡಿನವರು ಈ ವಿದ್ಯೆಯಲ್ಲಿ ನಮಗಿಂತ ಮುಂದಿದ್ದಾರೆ: ಮಂಗಳೂರು, ಉಡುಪಿಯ ಕಡೆ ಅನಾನಸಿನ ಮೆಣಸ್ಕಾಯಿ, ಮಲೆನಾಡಿನ ಮನೆಗಳಲ್ಲಿ ಮಾವಿನ ಹಣ್ಣಿನ ಸಾಸಿವೆ, ಕೊಂಕಣಿಗರಲ್ಲಿ ಹಣ್ಣುಗಳ ಸಾಸಂ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ 'ಸೂಪಶಾಸ್ತ್ರ'ವು ಬಾಳೆ, ಹಲಸುಗಳನ್ನು ಬದನೆಯ ಸಾಲಿನಲ್ಲಿಯೇ ಅಡುಗೆಮನೆಯ ಪದಾರ್ಥಗಳನ್ನಾಗಿ ಪರಿಗಣಿಸಿದೆ. ಕನ್ನಡದ ಅಡುಗೆ ಹಣ್ಣನ್ನು ಎಂದೂ ಹೊರಗಿಟ್ಟಿರಲಿಲ್ಲ. ಬಯಲುಸೀಮೆಯ ನಮ್ಮಲ್ಲಿ ಹಣ್ಣು ಅಪರೂಪವಾಗಿದ್ದ ಕಾಲದ ರೂಢಿ, ಹಣ್ಣು ಹೇರಳವಾದ ಮೇಲೆಯೂ ಹಾಗೆಯೇ ಉಳಿದುಬಿಟ್ಟಿದೆ, ಅಷ್ಟೆ.

ಇನ್ನು ಅಡುಗೆಯ ಮಾತು. ನಾನು ಹೇಳಹೊರಟಿರುವುದು ಗಜ್ಜರಿ ಮತ್ತು ಪೇರಲದ ಪಚಡಿ. ನಾಲ್ಕು ಜನರಿಗೆ ಎರಡು ಮಧ್ಯಮ ಗಾತ್ರದ ಗಜ್ಜರಿ, ಒಂದು ದೊಡ್ಡ ಪೇರಲ ಹಣ್ಣು, ಒಂದು ಎಳೆ ಸವತೆಕಾಯಿ, ಒಂದು ಹಿಡಿ ದಾಳಿಂಬೆ ಕಾಳು, ಒಂದು ದೊಡ್ಡ ಚಮಚ ಒಣದ್ರಾಕ್ಷಿ, ಎರಡು ದೊಡ್ಡ ಚಮಚ ಹುರಿದ ಶೇಂಗಾದ ತರಿತರಿ ಪುಡಿ, ಒಂದು ಲಿಂಬೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು. ಒಗ್ಗರಣೆಗೆ ಒಂದು ಸಣ್ಣ ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಒಂದು ಹಸಿಮೆಣಸಿನಕಾಯಿ. ದಾಳಿಂಬೆ ಇಲ್ಲದಿದ್ದರೆ ಬಿಡಬಹುದು, ಪೇರಲವನ್ನು ಮಾತ್ರ ಬಿಡಬಾರದು.

ಒಣದ್ರಾಕ್ಷಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೇರೆ ನೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಪೇರಲ ತೀರ ಮೆತ್ತಗಾಗಿರಬಾರದು. ಹಳದಿಗೆ ತಿರುಗಿ, ಒತ್ತಿದರೆ ತುಸು ಬಾಗುವಷ್ಟು ಮಾಗಿದ್ದರೆ ಸಾಕು. ಪೂರ್ತಿ ಮಾಗಿದ ಹಣ್ಣು ಪಚಡಿಯಲ್ಲಿ ಕಲಸಿ ಮುದ್ದೆಯಾಗುತ್ತದೆ, ಕಾಯಿಯಾದರೆ ಒಗರು. ಸಿಪ್ಪೆ ತೆಗೆಯುವ ಅಗತ್ಯವಿಲ್ಲ. ಸಿ ಜೀವಸತ್ವ ಸಿಪ್ಪೆಯ ಕಡೆಗೇ ಹೆಚ್ಚು. ಹಲ್ಲು ಸೂಕ್ಷ್ಮವಾದವರಿದ್ದರೆ ನಡುವಿನ ಬೀಜದ ತಿರುಳನ್ನು ಚಮಚದಿಂದ ತೆಗೆದು, ಉಳಿದುದನ್ನು ಸಣ್ಣ ತುಂಡುಗಳಾಗಿ ಹೆಚ್ಚಿ, ಕೂಡಲೇ ಅದರ ಮೇಲೆ ಅರ್ಧ ಲಿಂಬೆಯ ರಸ ಹಿಂಡಬೇಕು. ಹೀಗೆ ಮಾಡಿದರೆ ತುಂಡುಗಳು ಕಪ್ಪಾಗುವುದಿಲ್ಲ.

ಗಜ್ಜರಿಯನ್ನು ತುರಿಯುವಾಗ ದೊಡ್ಡ ಕಣ್ಣಿನ ತುರಿಮಣೆ ಬಳಸಿರಿ. ಸಣ್ಣ ಕಣ್ಣಿನದರಲ್ಲಿ ತುರಿದರೆ ರಸವೆಲ್ಲ ಸೋರಿ ಜಿಬುಕಾಗಿ ಉಳಿಯುತ್ತದೆ. ಸವತೆಕಾಯಿಯ ಒಂದು ತುಂಡನ್ನು ಮೊದಲೇ ಬಾಯಿಗೆ ಹಾಕಿ ನೋಡಿ ಕಹಿಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಒಂದು ಕಹಿ ಕಾಯಿ ಇಡೀ ಪಚಡಿಯನ್ನು ಕೆಡಿಸಿದ ಅನುಭವ ನನಗಿದೆ. ಎಲ್ಲವನ್ನೂ ಒಂದು ಅಗಲವಾದ ಪಾತ್ರೆಯಲ್ಲಿ ಕೂಡಿಸಿ, ನೆನೆದ ಒಣದ್ರಾಕ್ಷಿಯನ್ನೂ ಅದು ನೆನೆದ ಒಂದೆರಡು ಚಮಚ ನೀರನ್ನೂ ಹಾಕಬೇಕು. ಪಚಡಿಗೆ ಬೇಕಾದ ಸಿಹಿ ಇದರಿಂದಲೇ ಬರುತ್ತದೆ, ಸಕ್ಕರೆಯ ಮಾತೇ ಬೇಡ.

ಒಗ್ಗರಣೆ ಸಣ್ಣದಿರಲಿ. ಎಣ್ಣೆ ಕಾದು ಸಾಸಿವೆ ಸಿಡಿದ ಮೇಲೆ ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಇಳಿಸಿ, ಎರಡು ನಿಮಿಷ ಆರಲು ಬಿಟ್ಟು ಆಮೇಲೆ ಪಚಡಿಗೆ ಸುರಿಯಬೇಕು. ಚುರುಗುಡುವ ಎಣ್ಣೆಯನ್ನು ಹಣ್ಣಿನ ಮೇಲೆ ಸುರಿಯುವುದು ನಮ್ಮವರ ಅಭ್ಯಾಸ, ಆದರೆ ಸಿ ಜೀವಸತ್ವಕ್ಕೆ ಬಿಸಿ ಆಗಿಬರುವುದಿಲ್ಲ. ಎಣ್ಣೆಯನ್ನು ಪೂರ್ತಿ ಬಿಡುವುದೂ ಸರಿಯಲ್ಲ. ಗಜ್ಜರಿಯಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಒಂದು ಚಮಚ ಎಣ್ಣೆ ಮತ್ತು ಶೇಂಗಾ ಪುಡಿ ಅದಕ್ಕೆ ಸಾಕು. ಉಳಿದ ಅರ್ಧ ಲಿಂಬೆ, ಕೊತ್ತಂಬರಿ, ಶೇಂಗಾ ಪುಡಿ, ಉಪ್ಪು ಇವಿಷ್ಟನ್ನು ಉಣ್ಣಲು ಕುಳಿತ ಮೇಲೆ ಹಾಕಿ ಕೈಯಾಡಿಸಬೇಕು. ಉಪ್ಪು ಮೊದಲೇ ಬಿದ್ದರೆ ಸವತೆಕಾಯಿ ನೀರು ಬಿಡುತ್ತದೆ, ಶೇಂಗಾ ಪುಡಿ ಅದರಲ್ಲಿ ನೆನೆದು ಅಂಟಾಗುತ್ತದೆ. ಒಟ್ಟು ಕೆಲಸ ಹದಿನೈದು ನಿಮಿಷದ್ದು. ಕಟಕಿ ರೊಟ್ಟಿಯಾಗಲಿ ಮೆತ್ತನ್ನ ರೊಟ್ಟಿಯಾಗಲಿ, ಒಂದು ತುತ್ತು ಖಾರದ ಪಲ್ಯದ ನಂತರ ಒಂದು ತುತ್ತು ಈ ಪಚಡಿ ತಿಂದರೆ ಬಾಯಿ ತಣ್ಣಗಾಗಿ ಮುಂದಿನ ತುತ್ತು ಇನ್ನಷ್ಟು ರುಚಿಸುತ್ತದೆ. ಮೊದಲ ದಿನ ಅನುಮಾನದಿಂದ ಮುಟ್ಟಿದ ನನ್ನ ಮೊಮ್ಮಗ ಈಗ ಒಣದ್ರಾಕ್ಷಿಯನ್ನು ಆರಿಸಿ ತಿಂದು ಗಜ್ಜರಿಯನ್ನು ಬದಿಗಿಡುತ್ತಾನೆ. ಅವನಿಗೆ ಎರಡನ್ನೂ ಕೂಡಿಯೇ ತುತ್ತು ಮಾಡಿ ಕೊಡಬೇಕಾಗುತ್ತದೆ.

ಪೇರಲ ವರ್ಷವಿಡೀ ಒಂದೇ ತೆರನಾಗಿ ಸಿಗುವುದಿಲ್ಲ. ದ್ರಾಕ್ಷಿಯ ಸುಗ್ಗಿಯಲ್ಲಿ, ಗೊನೆಯಿಂದ ಉದುರಿದ ಹಣ್ಣುಗಳನ್ನು ವ್ಯಾಪಾರಿಗಳು ಎತ್ತುವುದಿಲ್ಲ. ಅವನ್ನು ಆರಿಸಿ ಅಡ್ಡ ಸೀಳಿ, ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸಿನೊಡನೆ ಕಲಸಿ ಮೇಲೆ ಲಿಂಬೆ ಹಿಂಡಬಹುದು. ದ್ರಾಕ್ಷಿಯಲ್ಲಿಲ್ಲದ ಸಿ ಜೀವಸತ್ವವನ್ನು ಹಸಿ ಎಲೆಕೋಸು ತುಂಬಿಕೊಡುತ್ತದೆ. ಬೇಸಿಗೆಯಲ್ಲಿ ಮಾವಿನಕಾಯಿ, ಉಳ್ಳಾಗಡ್ಡಿ, ಒಂದು ಚೂರು ಬೆಲ್ಲ. ಪರಂಗಿ ಹಣ್ಣು ಸಿಕ್ಕರೆ ಅದಕ್ಕೆ ಕರಿಮೆಣಸು ಮತ್ತು ಲಿಂಬೆ ಸಾಕು, ಒಗ್ಗರಣೆಯೂ ಬೇಡ.

ತೊಳೆಯುವ ವಿಷಯದಲ್ಲಿ ಉದಾಸೀನ ಸಲ್ಲದು. ದ್ರಾಕ್ಷಿಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆಂಬುದು ಬೆಳೆಗಾರರ ಮನೆಯವರಾದ ನಮಗೇ ಗೊತ್ತು. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಬೆಳವಣಿಗೆ ನಿಯಂತ್ರಕವೊಂದರ ಶೇಷ ಮಿತಿಮೀರಿದೆಯೆಂದು ಯುರೋಪಿನ ದೇಶಗಳು ಮಾಲನ್ನು ತಿರಸ್ಕರಿಸಿದ್ದವು. ಹೊರದೇಶಕ್ಕೆ ಹೋಗುವ ಹಣ್ಣಿಗೆ ಪರೀಕ್ಷೆಯ ಕಟ್ಟುನಿಟ್ಟಿದೆ, ನಮ್ಮ ಸಂತೆಗೆ ಬರುವುದಕ್ಕೆ ಅಷ್ಟು ಕಾವಲಿಲ್ಲ. ಹಣ್ಣುಗಳನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ನಂತರ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಇದರಿಂದ ಮೇಲ್ಮೈಯಲ್ಲಿರುವುದು ಬಹುಮಟ್ಟಿಗೆ ಹೋಗುತ್ತದೆ, ಒಳಗೆ ಸೇರಿದ್ದು ಹೋಗುವುದಿಲ್ಲ. ಅದಕ್ಕೆ ಪರಿಹಾರ ತೋಟದಲ್ಲಿಯೇ ಆಗಬೇಕು. ಹಾಗೆಯೇ, ಹೊಂಬಣ್ಣದ ಒಣದ್ರಾಕ್ಷಿಗೆ ಆ ಬಣ್ಣ ಬರುವುದು ಗಂಧಕದ ಹೊಗೆಯಿಂದ. ಆಸ್ತಮಾ ಇರುವ ಕೆಲವರಿಗೆ ಅದು ತೊಂದರೆ ಕೊಡಬಲ್ಲದು. ಅಂಥವರು ಹೊಗೆ ಕೊಡದ ಕಂದು ಬಣ್ಣದ್ದನ್ನು ಕೇಳಿ ಪಡೆಯಲಿ.

ಸಕ್ಕರೆ ಕಾಯಿಲೆಯವರು ಈ ಪಚಡಿಯಲ್ಲಿ ಒಣದ್ರಾಕ್ಷಿಯನ್ನೂ ದ್ರಾಕ್ಷಿಯನ್ನೂ ಬಿಡಬೇಕು. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುತ್ತದೆಂದರೆ ಅದರಲ್ಲಿ ಸಿಹಿ ಎಷ್ಟು ಸಾಂದ್ರವಾಗಿರಬೇಕು ಎಣಿಸಿರಿ. ಪೇರಲವನ್ನು ಮಿತವಾಗಿ ತಿನ್ನಲು ಅಡ್ಡಿಯಿಲ್ಲ. ಮೂತ್ರಪಿಂಡದ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಹಣ್ಣಿನ ಪ್ರಮಾಣ ಹೆಚ್ಚಿಸಬಾರದು. ರಕ್ತದೊತ್ತಡದವರು ಉಪ್ಪನ್ನು ಪೂರ್ತಿ ಬಿಟ್ಟು ಲಿಂಬೆಯನ್ನು ಹೆಚ್ಚಿಸಿಕೊಂಡರೂ ರುಚಿಗೆ ಕೊರತೆಯಾಗುವುದಿಲ್ಲ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಹಿಂಡಿಗಳಲ್ಲಿಯೇ ಅದರ ಬಹುಪಾಲು ಮುಗಿದಿರುತ್ತದೆ. ರಕ್ತಹೀನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಪಚಡಿ ತಿನ್ನುತ್ತೇವೆಂದು ಅದನ್ನು ನಿಲ್ಲಿಸಕೂಡದು. ಗುಳಿಗೆಯನ್ನು ಚಹಾ, ಹಾಲುಗಳೊಡನೆ ನುಂಗದೆ ನೀರಿನೊಡನೆಯೋ ಲಿಂಬೆಯ ಪಾನಕದೊಡನೆಯೋ ನುಂಗಲಿ. ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ವಿಜಯಪುರದವರಿಗೆ ಇದು ಕಠಿಣ ವ್ರತವೆಂದು ಬಲ್ಲೆ.

ಮನೆಯ ಮಾತಾಯಿತು. ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅರ್ಧಕ್ಕೆ ನಿಂತಂತೆ. ನಮ್ಮ ಭಾಗದ ಮಠಗಳ ದಾಸೋಹದಲ್ಲಿ ನಿತ್ಯ ನೂರಾರು, ಜಾತ್ರೆಯ ದಿನಗಳಲ್ಲಿ ಸಾವಿರಾರು ಜನ ಪ್ರಸಾದ ಸ್ವೀಕರಿಸುತ್ತಾರೆ. ರೊಟ್ಟಿ, ಪಲ್ಯ, ಗೋದಿ ಹುಗ್ಗಿ, ಅನ್ನ, ಸಾರು. ಹಸಿವು ನೀಗಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಈ ಪಂಕ್ತಿಯಲ್ಲಿ ಕುಳಿತವರಲ್ಲಿ ವಸತಿನಿಲಯದ ಬೆಳೆಯುವ ಮಕ್ಕಳಿದ್ದಾರೆ, ಹೊಲದ ಕೂಲಿಯಿಂದ ಬಂದ ತಾಯಂದಿರಿದ್ದಾರೆ. ಒಂದು ದಿನಕ್ಕೆ ಒಬ್ಬ ವ್ಯಕ್ತಿಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ನೂರು ಗ್ರಾಂ ಹಣ್ಣು ಬೇರೆಲ್ಲಿಯೂ ಸಿಗದವರೇ ಪಂಕ್ತಿಯಲ್ಲಿ ಹೆಚ್ಚು. ಹುಗ್ಗಿಯನ್ನು ತೆಗೆಯಿರೆಂದು ನಾನು ಹೇಳುತ್ತಿಲ್ಲ. ಹುಗ್ಗಿಯಿಲ್ಲದ ಪಂಕ್ತಿಯಲ್ಲಿ ಕೂರಲು ನನಗೂ ಮನಸ್ಸಿಲ್ಲ. ಹುಗ್ಗಿಯ ಸೌಟಿನ ಹಿಂದೆ ಪಚಡಿಯ ಚಮಚವೊಂದು ಬರಲಿ ಎನ್ನುತ್ತೇನೆ.

ಅಡುಗೆಯವರಿಗೆ ಇದರಲ್ಲಿ ಎರಡು ಅಂಜಿಕೆಗಳಿವೆ, ಎರಡೂ ನ್ಯಾಯವಾದವು. ಹಸಿಯಾಗಿ ಹೆಚ್ಚಿದ್ದು ಬೇಗ ಕೆಡುತ್ತದೆ, ಜನರ ಹೊಟ್ಟೆ ಕೆಟ್ಟರೆ ಹೆಸರು ಮಠಕ್ಕೆ ಬರುತ್ತದೆ ಎಂಬುದು ಒಂದು. ಅಷ್ಟು ಜನರಿಗೆ ಹೆಚ್ಚುವವರು ಯಾರೆಂಬುದು ಮತ್ತೊಂದು. ಮೊದಲನೆಯದಕ್ಕೆ ಉಪಾಯವಿದೆ: ತೊಳೆಯಲು ಶುದ್ಧ ಕುಡಿಯುವ ನೀರನ್ನೇ ಬಳಸಬೇಕು, ಹೆಚ್ಚುವವರ ಕೈ ಸಾಬೂನಿನಿಂದ ತೊಳೆದಿರಬೇಕು, ಹೆಚ್ಚಿದ್ದು ಎರಡು ಗಂಟೆಯೊಳಗೆ ಬಡಿಸಿ ಮುಗಿಯಬೇಕು. ಒಂದೇ ಸಲಕ್ಕೆ ಕಲಸಿ ಹಂಡೆ ತುಂಬಿಡದೆ, ಒಂದೊಂದು ಪಂಕ್ತಿ ಕುಳಿತಂತೆ ಅಷ್ಟಷ್ಟಕ್ಕೇ ಉಪ್ಪು, ಲಿಂಬೆ, ಶೇಂಗಾ ಪುಡಿ ಬೆರೆಸಬೇಕು. ಸಾವಿರಾರು ಜನ ಸೇರುವ ಜಾತ್ರೆಯ ದಿನ ಬೇಡವೇ ಬೇಡ. ಆ ದಿನ ಇಡಿಯ ಪೇರಲವನ್ನೋ ಬಾಳೆಹಣ್ಣನ್ನೋ ತೊಳೆದು ಕೈಗೆ ಕೊಡಬಹುದು. ಎರಡನೆಯದಕ್ಕೆ ಉತ್ತರ ನಮ್ಮಂಥ ಭಕ್ತರೇ. ರೊಟ್ಟಿ ಬಡಿದು ಬುಟ್ಟಿಗಟ್ಟಲೆ ಮಠಕ್ಕೆ ಕಳುಹಿಸುವ ಪೇಟೆಯ ತಾಯಂದಿರಿಗೆ ಗಜ್ಜರಿ ತುರಿಯುವುದು ಭಾರವಾಗದು. ತಿಕೋಟಾ, ಬಬಲೇಶ್ವರದ ಬೆಳೆಗಾರ ಬಂಧುಗಳು ಜೋಳದ ಚೀಲದ ಜೊತೆಗೆ ಒಂದು ಕ್ರೇಟು ಹಣ್ಣನ್ನೂ ಕೊಡಬಲ್ಲರು. ಮಾರುಕಟ್ಟೆಯಲ್ಲಿ ಗಾತ್ರ ಸಣ್ಣದೆಂದು ಬೇರ್ಪಟ್ಟ ಹಣ್ಣು ರುಚಿಯಲ್ಲಿ ಸಣ್ಣದಾಗಿರುವುದಿಲ್ಲ.

ತಂಗಿಯ ವಿಷಯಕ್ಕೆ ಬರುತ್ತೇನೆ. ಗುಳಿಗೆಯನ್ನು ಚಹಾದಿಂದ ಬೇರ್ಪಡಿಸಿ, ಹಿತ್ತಲಿನ ಪೇರಲವನ್ನು ಗಿಳಿಗಳಿಂದ ಕಸಿದು ಊಟಕ್ಕೆ ತಂದ ಮೇಲೆ, ನಾಲ್ಕು ತಿಂಗಳಿಗೆ ಆಕೆಯ ಚೀಟಿಯಲ್ಲಿ 11.4 ಬಂದಿತು. ಇದರಲ್ಲಿ ಗುಳಿಗೆಯ ಪಾಲೇ ದೊಡ್ಡದು, ಪಚಡಿಯ ಪಾಲು ಎಷ್ಟೆಂದು ನಾನು ಅಳೆದು ಹೇಳಲಾರೆ. ಅತ್ತೆಯವರ ಮನವೊಲಿಸಿದ್ದು ನನ್ನ ವಿಜ್ಞಾನವೂ ಅಲ್ಲ. ಒಂದು ದಿನ ಪಚಡಿಯನ್ನು ಅವರ ಗಂಗಾಳಕ್ಕೇ ಮೊದಲು ಬಡಿಸಿದೆವು. ತಿಂದು, "ಇನ್ನಷ್ಟ ಖಾರ ಬೇಕಾಗಿತ್ತು" ಎಂದರು.

ಮಠದ ಅಡುಗೆಮನೆಯಲ್ಲಿ ಅಥವಾ ಮನೆಯ ಕಾರ್ಯದಲ್ಲಿ ಮಾಡಿ ನೋಡಬಯಸುವವರಿಗೆ ನೂರು ಜನರ ಲೆಕ್ಕ ಹೀಗಿದೆ: ಗಜ್ಜರಿ 4 ಕಿಲೋ, ಪೇರಲ 2 ಕಿಲೋ, ಸವತೆಕಾಯಿ ಒಂದೂವರೆ ಕಿಲೋ, ದಾಳಿಂಬೆ ಎಂಟು ಹಣ್ಣು, ಒಣದ್ರಾಕ್ಷಿ ಕಾಲು ಕಿಲೋ, ಶೇಂಗಾ ಪುಡಿ ಅರ್ಧ ಕಿಲೋ, ಲಿಂಬೆ ಇಪ್ಪತ್ತು, ಕೊತ್ತಂಬರಿ ನಾಲ್ಕು ಸಿವುಡು, ಎಣ್ಣೆ ಒಂದು ಸಣ್ಣ ಬಟ್ಟಲು. ನಾಲ್ಕು ಜನ ಕುಳಿತರೆ ಒಂದೂವರೆ ಗಂಟೆಯ ಕೆಲಸ. ಪೇರಲವನ್ನು ಕೊನೆಗೆ ಹೆಚ್ಚಿರಿ.